ನಾನೇ ಕಟ್ಟಿಟ್ಟಿದ್ದ ಗುಡೇಕೋಟೆಯ ಗಂಟು

2003ರಲ್ಲಿ ನಾನು ಮೆಡಿಕಲ್ ಕಾಲೇಜೊಂದರಲ್ಲಿ ಪ್ರಾಧ್ಯಾಪಕ. ಅದಕ್ಕೂ ಮೊದಲು, ತೊಂಬತ್ತರ ದಶಕದಲ್ಲಿ, ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಸುತ್ತಿನಲ್ಲಿ ಸರ್ಕಾರಿ ವೈದ್ಯನಾಗಿದ್ದೆ. ಆ ಸೀಮೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅದು ಮೂಳೆಗೆ ಇಳಿದು ಮಕ್ಕಳ ಕಾಲು ಬಾಗುತ್ತಿದ್ದವು. ಅದಕ್ಕೆಂದು ಒಂದು ಗುಳಿಗೆ ಬಂದಿತ್ತು. ಅದರಿಂದ ನಿಜಕ್ಕೂ ಗುಣವಿದೆಯೇ ಎಂದು ತೀರ್ಮಾನಿಸುವ ಸಿಸ್ಟಮ್ಯಾಟಿಕ್ ರಿವ್ಯೂ ಈಗ ನನ್ನ ಪಾಲಿಗೆ ಬಂತು.

ಹೆಸರು ದೊಡ್ಡದು, ಕೆಲಸ ಕತ್ತೆ ಚಾಕರಿ. ಒಂದು ಚಿಕಿತ್ಸೆಯ ಮೇಲೆ ನಡೆದ ಅಧ್ಯಯನಗಳನ್ನೆಲ್ಲ ಒಂದೂ ಬಿಡದೆ ಹುಡುಕಿ ಒಟ್ಟಿಗೆ ತೂಗಬೇಕು. ನಾನೋ, ಕಂಪ್ಯೂಟರಿನಲ್ಲಿ ಗುಳಿಗೆಯ ಹೆಸರು ಒತ್ತಿ, ಸಿಕ್ಕ ಐದಾರು ಲೇಖನ ಪ್ರಿಂಟ್ ತೆಗೆದು, ಮುಗಿಯಿತೆಂದು ಲೈಬ್ರರಿಯನ್ ಶಾರದಮ್ಮನವರ ಮೇಜಿನ ಮೇಲಿಟ್ಟೆ. ಎಲ್ಲವೂ ಗುಳಿಗೆಯನ್ನು ಹೊಗಳಿದ್ದವು. ಶಾರದಮ್ಮ ಹರಪನಹಳ್ಳಿಯವರು, ಮುಲಾಜು ನೋಡುವವರಲ್ಲ.

"ಒಂದೇ ಹೆಸರಿಗೆ ಹುಡುಕಿದ್ರೆ ಹೆಂಗೆ ಸಾರ್? ಈ ರೋಗಕ್ಕೆ, ಗುಳಿಗಿಗೆ ಎಷ್ಟು ಹೆಸರು ಅದಾವೋ ಅಷ್ಟೂ ಹಾಕ್ರಿ" ಎಂದರು.

ಆ ಹೆಸರುಗಳ ಪಟ್ಟಿ ಮಾಡುವುದು, ಯಾವ ದಿನ ಎಲ್ಲಿ ಏನೆಂದು ಹುಡುಕಿದೆ ಎಂದು ಬರೆದಿಡುವುದು, ಪ್ರತಿ ಲೇಖನದ ಕೊನೆಯ ಉಲ್ಲೇಖಗಳ ಬೆನ್ನು ಹತ್ತುವುದು, ಇಷ್ಟನ್ನೂ ಆ ವಯಸ್ಸಿನಲ್ಲಿ ಅವರಿಂದ ಕಲಿತೆ. ಕಾಗದದ ರಾಶಿ ಬೆಳೆಯಿತು, ಹೊಗಳಿಕೆ ಮಾತ್ರ ತಗ್ಗಲಿಲ್ಲ. ಅದೇ ಅವರಿಗೆ ಅನುಮಾನ.

"ಸೋತಿದ್ದನ್ನ ಯಾರೂ ಅಚ್ಚು ಹಾಕಿಸಲ್ರಿ. ಈ ಗುಳಿಗಿ ಕೊಟ್ಟ ಡಾಕ್ಟ್ರಿಗೆಲ್ಲ ಕಾಗದ ಬರೀರಿ."

ಗುಡೇಕೋಟೆ ಕಡೆ ಎರಡು ವರ್ಷ ಅದೇ ಗುಳಿಗೆ ಕೊಟ್ಟವನು ನಾನೇ. ಶುರು ಮಾಡಿದಾಗ ಹಗರಿಬೊಮ್ಮನಹಳ್ಳಿಯಲ್ಲಿ ವೈದ್ಯರ ಸಭೆಯಲ್ಲಿ ಮೀಸೆ ತಿರುವಿ ಹೇಳಿಕೊಂಡಿದ್ದೆ. ಒಂದು ಮಗುವಿನ ಕಾಲೂ ನೆಟ್ಟಗಾಗಲಿಲ್ಲ. ಕೇಸ್ ಪೇಪರುಗಳನ್ನು ಕೆಂಪು ಬಟ್ಟೆಯಲ್ಲಿ ಗಂಟು ಕಟ್ಟಿ ಅಲ್ಲಿನ ಆಸ್ಪತ್ರೆಯ ಅಲ್ಮೇರಾಕ್ಕೆ ತಳ್ಳಿ, ವರ್ಗ ಮಾಡಿಸಿಕೊಂಡು ಹಡಗಲಿಗೆ ಹೋದೆ. ನಮ್ಮ ರೂಢಿಯೇ ಹಾಗಿತ್ತು, ಶುರುವಾದದ್ದನ್ನು ಸಭೆಯಲ್ಲಿ ಹೇಳುವುದು, ಸೋತದ್ದನ್ನು ಗಂಟು ಕಟ್ಟುವುದು. ಶಾರದಮ್ಮನವರಿಗೂ ಬಾಯಿ ಬಿಡದೆ, ಕೊಟ್ಟೂರು, ಹರಪನಹಳ್ಳಿ ಎಲ್ಲ ಕಡೆಯ ವೈದ್ಯರಿಗೆ ಕಾಗದ ಹಾಕಿದೆ.

ತಂಬ್ರಹಳ್ಳಿ ಕಡೆ ಇದ್ದ ವೈದ್ಯರೊಬ್ಬರು ಉತ್ತರ ಬರೆದರು: "ಸಭೆಯಲ್ಲಿ ನಿಮ್ಮ ಮಾತು ಕೇಳಿಯೇ ನಾನೂ ಕೊಟ್ಟೆ. ಗುಣ ಕಾಣಲಿಲ್ಲ. ನನ್ನ ಕೈಗುಣವೇ ಸರಿಯಿಲ್ಲವೆಂದು ಸುಮ್ಮನಾದೆ."

ಅವರ ದಾಖಲೆ ತರಲು ಹೋದೆ. ಅವರು ನನ್ನನ್ನು ಹುಲಿಗೆಮ್ಮ ಎಂಬ ಕೂಲಿ ಹೆಂಗಸಿನ ಮನೆಗೆ ಕರೆದೊಯ್ದರು. ಹನ್ನೆರಡು ವರ್ಷದ ಮಗಳು ಗಂಗಾ ಗೋಡೆ ಹಿಡಿದು ಎದ್ದಳು. ಹೆಜ್ಜೆ ಇಟ್ಟರೆ ಮೊಣಕಾಲುಗಳು ಒಂದಕ್ಕೊಂದು ಉಜ್ಜುತ್ತಿದ್ದವು.

ಹುಲಿಗೆಮ್ಮ ಸಿಟ್ಟಿಲ್ಲದೆ ಹೇಳಿದಳು: "ಮೊದ್ಲು ದೂರದ ಸಿಹಿನೀರ ಬಾವಿಯಿಂದ ಇಕಿಗಷ್ಟ ಒಂದು ಕೊಡ ತರ್ತಿದ್ದೆನ್ರಿ. ಗುಡೇಕೋಟಿ ಡಾಕ್ಟ್ರ ಗುಳಿಗಿ ಬಂದೈತಿ ಅಂದ್ರು. ಗುಳಿಗಿ ಐತಲ್ಲ ಅಂತ ಬಾವಿಗೆ ಹೋಗಾದು ಬಿಟ್ಟೆ. ಬೋರಿನ ನೀರೇ ಕುಡಿಸಿದೆ."

ಆ ಗುಡೇಕೋಟೆ ಡಾಕ್ಟರು ನಾನೇ ಎಂದೆ. ಹೇಳದೆ ಎದ್ದು ಬರಲು ಆಗಲಿಲ್ಲ.

ಆಕೆ ಕೇಳಿದ್ದು ಇಷ್ಟೇ: "ಅಲ್ಲಿ ಮಕ್ಳಿಗೆ ಗುಣ ಆಗಿತ್ತೇನ್ರಿ?"

"ಇಲ್ಲಮ್ಮ."

"ಅಷ್ಟು ಒಂದ್ ಮಾತು ಹೇಳಿ ಕಳಿಸಬೇಕಿತ್ತಲ್ರಿ."

ಅಲ್ಲಿಂದ ನೇರ ಗುಡೇಕೋಟೆಗೆ ಹೋದೆ. ನಾನು ಕಟ್ಟಿದ ಗಂಟನ್ನು ಯಾರೂ ಬಿಚ್ಚಿರಲಿಲ್ಲ. ತಂದು ಶಾರದಮ್ಮನವರ ಮುಂದಿಟ್ಟು ಎಲ್ಲ ಹೇಳಿದೆ. ಕೂಸನ್ನು ಕಂಕುಳಲ್ಲಿಟ್ಟುಕೊಂಡು ಊರೆಲ್ಲ ಹುಡುಕುತ್ತಿದ್ದ ನನ್ನನ್ನು ಅವರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಎರಡೂ ಕಡೆಯ ಕಾಗದ ಸೇರಿದ ಮೇಲೆ ತೀರ್ಮಾನ ತಿರುಗಿತು: ಗುಳಿಗೆಯಿಂದ ಗುಣವಿದೆ ಎನ್ನಲು ಆಧಾರ ಸಾಲದು. ಗಂಗಾಳ ಕಾಲಿಗೆ ಆ ತೀರ್ಮಾನದಿಂದ ಏನೂ ಆಗಲಿಲ್ಲ.

ನಿವೃತ್ತನಾಗುವವರೆಗೆ ಎಂ.ಡಿ. ಓದುವ ವಿದ್ಯಾರ್ಥಿಗಳಿಗೆ ಈ ಹುಡುಕಾಟ ಕಲಿಸಿದೆ. ಮೊದಲ ದಿನ ಯಾರಿಗೂ ಕಂಪ್ಯೂಟರ್ ಮುಟ್ಟಲು ಬಿಡುತ್ತಿರಲಿಲ್ಲ. ನೀವು ಕೊಟ್ಟು ಗುಣವಾಗದ ಒಂದು ಚಿಕಿತ್ಸೆಯನ್ನು ಬರೆದು, ಕೆಳಗೆ ನಿಮ್ಮ ಹೆಸರು ಹಾಕಿ ತನ್ನಿ, ಆಮೇಲೆ ಹುಡುಕೋಣ ಎನ್ನುತ್ತಿದ್ದೆ.