ಎಂಬತ್ತರ ಮಿತಿ ಅಳಿಸಿದ ಹುಸೇನಪ್ಪ

ಹುಸೇನಪ್ಪ ಮೊದಲ ಸಲ ಒಬ್ಬನ ತಲೆ ಒಡೆದಾಗ ಅವನಿಗೆ ಹದಿನಾಲ್ಕು. ಶಹಾಪುರದ ಕಡೆಯಿಂದ ಬಂದು ಎರಡು ತಿಂಗಳೂ ಆಗಿರಲಿಲ್ಲ. ಕೆ.ಆರ್. ಪುರದಾಚೆ ಏಳುತ್ತಿದ್ದ ಕಟ್ಟಡದಲ್ಲಿ ತಾಯಿ ಸಾಬಮ್ಮ ಮರಳು ಹೊರುತ್ತಿದ್ದಳು. ಬುಟ್ಟಿ ಜಾರಿ ಬಿತ್ತೆಂದು ಮೇಸ್ತ್ರಿ ಅವಳ ಕೆನ್ನೆಗೆ ಬಾರಿಸಿದ. ಹುಸೇನಪ್ಪ ಕೈಯಲ್ಲಿದ್ದ ಕರಣೆಯನ್ನು ಮೇಸ್ತ್ರಿಯ ನೆತ್ತಿಗೆ ಇಳಿಸಿ, ರಕ್ತ ಕಂಡದ್ದೇ ಹಳೇ ಮದರಾಸು ರಸ್ತೆ ಹಿಡಿದು ಓಡಿದ. ಓಟ ನಿಂತದ್ದು ಶಿವಾಜಿನಗರದಲ್ಲಿ, ರಸೆಲ್ ಮಾರುಕಟ್ಟೆಯ ಹಿಂದೆ, ಕಲೀಮುಲ್ಲಾನ ಅಂಗಡಿಯ ಮೆಟ್ಟಿಲ ಮೇಲೆ.

ಕಲೀಮುಲ್ಲಾ ಕಾರುಗಳ ಎಂಜಿನ್ ಕಂಪ್ಯೂಟರ್ ರಿಪೇರಿ ಮಾಡುವವನು. ಹುಡುಗನ ಹೆಸರು ಕೇಳಿ, ಹಿಂದೂ ಮನೆಯಲ್ಲಿ ಹುಸೇನನ ಹೆಸರೇ ಎಂದು ನಕ್ಕು ಒಳಗೆ ಕರೆದ. ಅಂಗೈ ಅಗಲದ ಅಲ್ಯೂಮಿನಿಯಂ ಡಬ್ಬಿ ಬಿಚ್ಚಿ ತೋರಿಸಿದ. ಹಸಿರು ಬೋರ್ಡು, ಅದರ ಮೇಲೆ ಉಗುರಿನಷ್ಟು ಕಪ್ಪು ಚಿಪ್ಪು. ಎಂಜಿನ್ನಿಗೆ ಎಷ್ಟು ಡೀಸೆಲ್ ಹೋಗಬೇಕು, ಗಾಡಿ ಎಷ್ಟು ವೇಗ ಹೋಗಬೇಕು, ಎಲ್ಲವೂ ಆ ಚಿಪ್ಪಿನಲ್ಲಿ ಅಂಕಿಗಳಾಗಿ ಕೂತಿರುತ್ತವೆ. ಬಿಸಿಗಾಳಿ ಬಿಟ್ಟು ಬೆಸುಗೆ ಕರಗಿಸಿ, ಚಿಮಟದಿಂದ ಚಿಪ್ಪು ಎತ್ತಿ, ರೀಡರಿನಲ್ಲಿಟ್ಟರೆ ಅಂಕಿಗಳು ಪರದೆಗೆ ಬರುತ್ತವೆ. ತಿದ್ದಿ, ಮರಳಿ ಬರೆದು, ಚಿಪ್ಪನ್ನು ಬೆಸೆದರೆ ಎಂಜಿನ್ ಹೊಸ ಮಾತು ಕೇಳುತ್ತದೆ.

"ಹಾತ್ ಹಿಲ್ಯಾ ತೋ ಚಿಪ್ ಗಯಾ," ಎನ್ನುತ್ತಿದ್ದ ಕಲೀಮುಲ್ಲಾ. ಕೈ ನಡುಗಿದರೆ ಚಿಪ್ಪು ಸತ್ತಂತೆ. ಕರಣೆ ಬೀಸಿದ ಕೈ ನಡುಗದೆ ನಿಲ್ಲಲು ನಾಲ್ಕು ವರ್ಷ ಹಿಡಿಯಿತು. ಮೂವತ್ತೆರಡಕ್ಕೆ ಹುಸೇನಪ್ಪನದೇ ಅಂಗಡಿ ಮರ್ಫಿ ಟೌನಿನಲ್ಲಿತ್ತು.

ದತ್ತು ಅಲ್ಲಿಗೆ ಬಂದದ್ದು ಯುಗಾದಿ ಕಳೆದ ಮೇಲೆ. ಅವನೂ ಶಹಾಪುರದ ಕಡೆಯವನೇ. ಕಂಪನಿ ನೌಕರರನ್ನು ಸಾಗಿಸುವ ವ್ಯಾನಿನ ಚಾಲಕ. ಬಾಡಿಗೆ ಗಾಡಿಗಳಿಗೆ ಗಂಟೆಗೆ ಎಂಬತ್ತು ಕಿಲೋಮೀಟರಿನ ವೇಗಮಿತಿ ಕಡ್ಡಾಯ. ದತ್ತು ಕೀಲಿ ಮೇಜಿನ ಮೇಲಿಟ್ಟ.

"ಅಣ್ಣಾ, ಎಂಬತ್ತರ ಮ್ಯಾಲ ಹೋಗವಲ್ದು. ಟೈಮಿಗೆ ಮುಟ್ಟಸಲಿಲ್ಲಂದ್ರ ಓನರ್ ಕಪಾಳಕ್ಕ ಹೊಡಿತಾನ. ಅವನೇ ಕಳಸ್ಯಾನ, ಮಿತಿ ತಗದು ಹಾಕ್ರಿ."

"ಹೊಡಿತಾನಂದ್ರ ಕೆಲಸ ಬಿಡಬೇಕಲ್ಲೋ."

"ಬಿಟ್ಟು ಎಲ್ಲಿಗೆ ಹೋಗ್ಲಿ?"

ಮಾಲೀಕ ನಿತೀಶ್, ನಗರದ ಪೂರ್ವದಂಚಿನ ಹಳೇ ಹಳ್ಳಿಯೊಂದರ ರೈತ ರಾಮಾಂಜಿನಪ್ಪನ ಮಗ. ಹೊಲಗಳು ಅಪಾರ್ಟ್‌ಮೆಂಟ್ ಆದ ಮೇಲೆ ಹತ್ತು ವ್ಯಾನ್ ಇಳಿಸಿದ್ದ. ಅವನಿಗಾಗಿ ಹುಸೇನಪ್ಪ ಇಂಥ ಮೂರು ಕೆಲಸ ಆಗಲೇ ಮಾಡಿದ್ದ. ನಾಲ್ಕನೆಯದನ್ನೂ ಅರ್ಧ ಗಂಟೆಯಲ್ಲಿ ಮುಗಿಸಿದ. "ನಿಧಾನ ಹೊಡಿ ಮತ್ತ" ಎಂದು ಹೇಳಿದ್ದೂ ಹೌದು. ಹೇಳಿದರೆ ಹೊಣೆ ಇಳಿಯಿತು ಎಂದುಕೊಂಡಿದ್ದ.

ಮೂರು ವಾರದ ನಂತರ ಒಂದು ಬೆಳಿಗ್ಗೆ ಆರಕ್ಕೆ, ಊರಿಗೆ ಹೊರಟ ತಾಯಿಯನ್ನು ಕೆ.ಆರ್. ಪುರದಲ್ಲಿ ರೈಲು ಹತ್ತಿಸಿ ಅವನು ರಸ್ತೆಗೆ ಬಂದ. ಬಸ್ ನಿಲ್ದಾಣದಲ್ಲಿ ಗಾರ್ಮೆಂಟ್ಸಿನ ಹೆಂಗಸರು ಊಟದ ಡಬ್ಬಿ ಹಿಡಿದು ನಿಂತಿದ್ದರು. ಖಾಲಿ ರಸ್ತೆಯಲ್ಲಿ ಬಿಳಿ ವ್ಯಾನೊಂದು ಬಂತು. ಅಡ್ಡ ಬಂದ ಆಟೋ ತಪ್ಪಿಸಲು ಹೋಗಿ ವಾಲಿತು, ನಿಲ್ದಾಣದೊಳಕ್ಕೇ ನುಗ್ಗಿ ಕಂಬಕ್ಕೆ ಹೊಡೆಯಿತು. ಬ್ರೇಕಿನ ಕಿರುಚಾಟ ನಿಂತ ಮೇಲೆ ಮನುಷ್ಯರ ಕಿರುಚಾಟ ಶುರುವಾಯಿತು. ಚಕ್ರದಡಿ ಇಬ್ಬರಿದ್ದರು. ಒಬ್ಬಳ ಕಾಲು ಮಾತ್ರ ಕಾಣುತ್ತಿತ್ತು.

ಹುಸೇನಪ್ಪ ನಂಬರು ನೋಡಿದ. ತಾನು ಮಿತಿ ತೆಗೆದ ನಾಲ್ಕನೆಯ ವ್ಯಾನ್, ದತ್ತುವಿನದು.

ಜನ ದತ್ತುವನ್ನು ಕಿಟಕಿಯಿಂದಲೇ ಎಳೆದು ಬಡಿದರು. ಮೊದಲು ಕೈ, ಆಮೇಲೆ ಕಾಲು, ಆಮೇಲೆ ಫುಟ್‌ಪಾತಿನ ಕಲ್ಲು. ಹುಸೇನಪ್ಪ ನುಗ್ಗಿ ಅವನ ಮೇಲೆ ಕವುಚಿ ಬಿದ್ದ. "ಬಿಡ್ರೀ, ಸಾಯ್ತಾನ." ಬೆನ್ನ ಮೇಲೆ, ಕಿವಿಯ ಮೇಲೆ ಏಟು ಬಿತ್ತು. ಯಾರೋ ಅವನ ಕೂದಲು ಹಿಡಿದು ಪಕ್ಕಕ್ಕೆ ಎಸೆದರು. ಬಿದ್ದಲ್ಲಿಂದಲೇ, ದತ್ತುವಿನ ತಲೆಯ ಮೇಲೆ ಒಬ್ಬ ಬೂಟುಗಾಲಿನಿಂದ ತುಳಿದದ್ದನ್ನು ಕಂಡ. ಪೊಲೀಸರು ಬರುವಷ್ಟರಲ್ಲಿ ತುಳಿದವರು ಮುಂದಿನ ಬಸ್ ಹಿಡಿದು ಕೆಲಸಕ್ಕೆ ಹೋಗಿದ್ದರು. ಆ ಗದ್ದಲದಲ್ಲೇ ನಿತೀಶನ ಕಡೆಯವನೊಬ್ಬ ಬಂದು ವ್ಯಾನಿನ ಕಂಪ್ಯೂಟರ್ ಡಬ್ಬಿ ಬಿಚ್ಚಿಕೊಂಡು ಹೋಗಿದ್ದ.

ಹೆಂಗಸರಿಬ್ಬರೂ ಅಲ್ಲೇ ತೀರಿಕೊಂಡರು. ದತ್ತು ಮೂರನೆಯ ದಿನ ಆಸ್ಪತ್ರೆಯಲ್ಲಿ ಸತ್ತ. ಅವನ ಹೆಂಡತಿ ಶಾಂಭವಿ ಶವಾಗಾರದ ಮುಂದೆ ನಿಂತಿದ್ದಾಗ ನಿತೀಶ್ ನಾಲ್ಕು ಜನಕ್ಕೆ ಕೇಳುವಂತೆ ಹೇಳಿದ: "ಕುಡ್ದು ಓಡ್ಸಿದಾನೆ, ನಾನೇನ್ ಮಾಡ್ಲಿ."

ಮರುದಿನ ಮಧ್ಯಾಹ್ನ ನಿತೀಶ್ ಇಬ್ಬರನ್ನು ಕರೆದುಕೊಂಡು ಮರ್ಫಿ ಟೌನಿಗೆ ಬಂದ. ಒಬ್ಬ ಶೆಟರ್ ಎಳೆದ. ನಿತೀಶ್ ಡಬ್ಬಿಯನ್ನು ಮೇಜಿನ ಮೇಲಿಟ್ಟ.

"ಹಳೇ ಫೈಲ್ ಹಾಕ್ಬಿಡು ಗುರು, ರಾತ್ರಿನೇ ಗಾಡಿಗೆ ವಾಪಸ್ ಕೂರಿಸ್ತೀವಿ. ನಾಳೆ ಗಾಡಿ ಇನ್‌ಸ್ಪೆಕ್ಷನ್. ಎಂಬತ್ತರ ಲಿಮಿಟ್ ಇತ್ತು ಅಂತ ಬಂದ್ರೆ ಸಾಕು, ಡ್ರೈವರ್ ತಪ್ಪು ಅಂತ ಮುಗ್ದೋಗತ್ತೆ."

"ಅವನು ಸತ್ತಾನ ಅಣ್ಣ."

"ಸತ್ತೋನಿಗೆ ಯಾವ ಕೇಸು? ಬರಿ."

"ನಾ ಬರೆಯಂಗಿಲ್ಲ."

ಮೊದಲ ಏಟು ಬಾಯಿಗೆ ಬಿತ್ತು. ಎರಡನೆಯದಕ್ಕೆ ಕುರ್ಚಿ ಉರುಳಿತು. ಒಬ್ಬ ಎದೆಯ ಮೇಲೆ ಮಂಡಿಯೂರಿ ಕೂತ. ಇನ್ನೊಬ್ಬ ಕಾದ ಬೆಸುಗೆ ಕಡ್ಡಿಯನ್ನು ಅವನ ಎಡ ಮುಂಗೈಗೆ ಒತ್ತಿದ. ಚರ್ಮ ಚುರ್ರೆಂದಿತು. ಕೂಗು ಹೊರಗೆ ಹೋಗದಂತೆ ಬಾಯಿಗೆ ಮೇಜು ಒರೆಸುವ ಬಟ್ಟೆ ತುರುಕಿದ್ದರು. ಮೂರನೆಯ ಸಲ ಒತ್ತಿದಾಗ ಹುಸೇನಪ್ಪ ಆಯಿತೆಂದು ತಲೆಯಾಡಿಸಿದ.

ಎಬ್ಬಿಸಿ ಕೂರಿಸಿದರು. ಬಾಯಿಂದ ರಕ್ತ ಬೋರ್ಡಿನ ಮೇಲೆ ತೊಟ್ಟಿಕ್ಕುತ್ತಿತ್ತು, ಒರೆಸಿಕೊಂಡ. ಬಿಸಿಗಾಳಿಯ ಗನ್ನು ಮುನ್ನೂರೈವತ್ತು ಡಿಗ್ರಿಗೆ ಏರಿತು. ನಿತೀಶನ ಮುಖ ಒಂದು ಗೇಣು ದೂರದಲ್ಲಿತ್ತು. ಹದಿನಾಲ್ಕರ ಹುಸೇನಪ್ಪನಾಗಿದ್ದರೆ ಆ ಗನ್ನನ್ನು ಆ ಕಣ್ಣುಗಳಿಗೆ ತಿರುಗಿಸುತ್ತಿದ್ದ. ಈಗಲೂ ಕೈ ಅತ್ತಲೇ ಎಳೆಯಿತು. ಆದರೆ ಬೋರ್ಡು ಹಾಳಾದರೆ ದತ್ತು ಕುಡುಕನಾಗಿಯೇ ಉಳಿಯುತ್ತಾನೆ ಎಂಬುದು ಅವನಿಗೆ ಗೊತ್ತಿತ್ತು. ಚಿಪ್ಪು ಎತ್ತಿದ, ರೀಡರಿನಲ್ಲಿಟ್ಟ. ಪರದೆಯ ತುಂಬ ಅಂಕಿಗಳು ಬಂದವು. ಮಿತಿ ಇಲ್ಲದ ಅದೇ ಫೈಲನ್ನು, ಒಂದಕ್ಷರ ತಿದ್ದದೆ, ಮತ್ತೆ ಅದೇ ಚಿಪ್ಪಿಗೆ ಬರೆದ. ನೋಡುವವರಿಗೆ ಎಲ್ಲ ಅಂಕಿಯೂ ಒಂದೇ. ನಜ್ಜುಗುಜ್ಜಾದ ವ್ಯಾನನ್ನು ಓಡಿಸಿ ನೋಡುವಂತೆಯೂ ಇರಲಿಲ್ಲ. ನೀಟಾಗಿ ಬೆಸೆದು ಡಬ್ಬಿ ಮುಚ್ಚಿದ.

"ಮುಗೀತು."

ನಿತೀಶ್ ಡಬ್ಬಿ ತೆಗೆದುಕೊಂಡು, "ಈ ಕೈ ಯಾರ್ ಮುಂದೇನೂ ಮಾತಾಡ್ಬಾರ್ದು" ಎಂದ. ಇಬ್ಬರು ಹುಸೇನಪ್ಪನ ಬಲಗೈಯನ್ನು ಮೇಜಿನ ಅಂಚಿಗೆ ಹಿಡಿದರು. ಮೂರನೆಯವನಾಗಿ ನಿತೀಶನೇ ಸುತ್ತಿಗೆ ಎತ್ತಿದ. ನಾಲ್ಕು ಏಟು. ಆಮೇಲೆ ಲ್ಯಾಪ್‌ಟಾಪಿಗೂ.

ಸುದ್ದಿ ತಿಳಿದು ಓಡಿಬಂದ ಕಲೀಮುಲ್ಲಾ ಅವನನ್ನು ಆಸ್ಪತ್ರೆಗೆ ಹೊತ್ತೊಯ್ದ. ಡಬ್ಬಿ ತೆರೆಯದೆಯೇ ಇನ್‌ಸ್ಪೆಕ್ಷನ್ ಮುಗಿದು, ವ್ಯಾನ್ ಪೊಲೀಸರ ವಶದಲ್ಲೇ ಉಳಿದ ದಿನ ಹುಸೇನಪ್ಪ ಪ್ಲಾಸ್ಟರು ಕಟ್ಟಿದ ಕೈಯೊಂದಿಗೆ ಠಾಣೆಗೆ ಹೋದ. "ಆ ಗಾಡಿ ಮಿತಿ ತೆಗೆದವ ನಾನು ಸರ್. ತೆಗಿಯಕ ಹೇಳಿದವ ನಿತೀಶ್. ಡಬ್ಬಿ ತೆರೆಸಿ ನೋಡ್ರಿ, ಹಂಗೇ ಐತಿ."

ಶಾಂಭವಿ ಅಲ್ಲೇ ಬೆಂಚಿನ ಮೇಲಿದ್ದಳು. ಎದ್ದು ಬಂದು ಅವನ ಒಡೆದ ತುಟಿಯ ಮೇಲೇ ಹೊಡೆದಳು, ಮತ್ತೆ ಹೊಡೆದಳು. ಕಾನ್‌ಸ್ಟೇಬಲ್ ಬಿಡಿಸಲು ಬಂದ. ಹುಸೇನಪ್ಪ ಬೇಡವೆಂದು ಎಡಗೈ ಅಡ್ಡ ಹಿಡಿದ.

"ಅವತ್ತ ಇಲ್ಲ ಅಂದಿದ್ರ?" ಎಂದಳು ಅವಳು. "ಅವನು ಬಂದಾಗ ಇಲ್ಲ ಅಂದಿದ್ರ ನಿನ್ನ ಗಂಟೇನು ಹೋಗ್ತಿತ್ತು?"

ಅವನು ಹೇಳಿಕೆಗೆ ಎಡಗೈ ಹೆಬ್ಬೆಟ್ಟು ಒತ್ತಿದ.

ಡಬ್ಬಿ ತೆರೆದರು, ಮಿತಿ ಇರಲಿಲ್ಲ. ದತ್ತುವಿನ ರಕ್ತದಲ್ಲಿ ಮದ್ಯವೂ ಇರಲಿಲ್ಲ. ನಿತೀಶ್ ಒಳಗೆ ಹೋಗಿ ಜಾಮೀನಿನ ಮೇಲೆ ಹೊರಬಂದ. ಎರಡನೆಯ ಆರೋಪಿ ಹುಸೇನಪ್ಪನೂ ಹಾಗೆಯೇ ಬಂದ. ತುಳಿದವರ ಗುರುತು ಇಂದಿಗೂ ಸಿಕ್ಕಿಲ್ಲ.

ಬಲಗೈಯ ಎರಡು ಬೆರಳು ಬಾಗುವುದಿಲ್ಲವಾದ್ದರಿಂದ ಈಗ ಚಿಪ್ಪನ್ನು ಕಲೀಮುಲ್ಲಾ ಎತ್ತುತ್ತಾನೆ, ಹುಸೇನಪ್ಪ ಅಂಕಿ ಓದುತ್ತಾನೆ. ಮಿತಿ ತೆಗೆಯಲು ಬಂದವರಿಗೆ ಇಲ್ಲವೆನ್ನುತ್ತಾನೆ. ಕೆಲವರು ಬೈದು ಹೋಗುತ್ತಾರೆ, ಒಬ್ಬ ಕಳೆದ ತಿಂಗಳು ಕಾಲರ್ ಹಿಡಿದಿದ್ದ. ವಿಚಾರಣೆಯ ದಿನ ಶಾಂಭವಿ ಸಾಕ್ಷಿಯಾಗಿ ಬರುತ್ತಾಳೆ, ಅವನಿಂದ ದೂರ ಕೂರುತ್ತಾಳೆ. ಕಳೆದ ವಾಯಿದೆಗೆ ಮಾತ್ರ, ಊಟದ ವಿರಾಮದಲ್ಲಿ, ಎಡಗೈಯಲ್ಲಿ ನೀರಿನ ಬಾಟಲಿಯ ಮುಚ್ಚಳ ತಿರುವಲಾರದೆ ಒದ್ದಾಡುತ್ತಿದ್ದ ಅವನ ಕೈಯಿಂದ ಬಾಟಲಿ ಕಿತ್ತುಕೊಂಡು ತೆರೆದುಕೊಟ್ಟಳು. ಅವನು ನೀರು ಕುಡಿದ. ಅಷ್ಟರಲ್ಲಿ ಒಳಗಿನಿಂದ ಅವನ ಹೆಸರು ಕೂಗಿದರು.