ಮರಕ್ಕೆ ಕಾವಿ ಹೊಲಿಯುವ ಅಕ್ಕ

ಇನ್ನೂ ನಸುಕು. ಬೌದ್ಧ ವಿಹಾರದ ಮುಂದಿನ ಅತ್ತಿಮರಕ್ಕೆ ಸುತ್ತಿದ ಕಾವಿ ಬಟ್ಟೆಯೊಳಗೆ ಹಿರಿಯ ಹೆಂಗಸೊಬ್ಬರು ಎರಡು ಬೆರಳು ತೂರಿಸಿ ನೋಡುತ್ತಾರೆ. ಬೆರಳು ಸಲೀಸಾಗಿ ಹೋಗದಿದ್ದರೆ ಗಂಟು ಸಡಿಲಿಸಬೇಕು. "ಮರ ದಪ್ಪ ಆಗ್ತಾನೇ ಇರುತ್ತೆ. ಕಟ್ಟಿದೋರು ಕಟ್ಟಿ ಹೋಗ್ಬಿಡ್ತಾರೆ, ಬಟ್ಟೆ ತೊಗಟೆ ಕಚ್ಚೋದು ಯಾರಿಗೂ ಕಾಣಲ್ಲ." ಪತ್ರಿಕೆಗೆ ಬರೆದುಕೊಳ್ಳಲು ಬಂದವರ ಮೇಲೂ ಅವರದು ಓರೆಗಣ್ಣೇ. "ನಿಮ್ಮನ್ನ ಯಾರು ಕಳಿಸಿದ್ರು? ರಸ್ತೆ ಅಗಲ ಮಾಡೋರಾ?"

ಊರಿಗೆಲ್ಲ ಇವರು ಹೊಲಿಗೆ ಅಕ್ಕ. ಗಂಡ ತೀರಿಕೊಂಡ ಮೇಲೆ ಭಿಕ್ಖುಗಳ ಕಾವಿ ಹೊಲಿದೇ ಬದುಕು ಸಾಗಿಸಿದವರು. ಬೇಸಿಗೆ ವರ್ಷದಿಂದ ವರ್ಷಕ್ಕೆ ಬಿರುಸಾಗಿ, ವಿಹಾರದ ಬಾವಿ ತಳ ಕಂಡಾಗ, ಮರ ಉಳಿದರೆ ನೀರೂ ಉಳಿದೀತೆಂದು ಭಿಕ್ಖುಗಳು ಮರಗಳಿಗೂ ಕಾವಿ ಉಡಿಸತೊಡಗಿದರು. ಕಾವಿ ಉಟ್ಟ ಮರವೂ ಭಿಕ್ಖುವೇ. ಅದರ ಮೇಲೆ ಕೊಡಲಿ ಎತ್ತುವುದು ಭಿಕ್ಖುವಿನ ಮೇಲೆ ಕೈ ಎತ್ತಿದಂತೆ. ಆ ಬಟ್ಟೆ ಹೊಲಿಯುವುದು, ನಲವತ್ತು ಮರಗಳನ್ನು ದಿನಾ ಸುತ್ತಿ ಬರುವುದು ಅಕ್ಕನ ಪಾಲಿಗೆ ಬಂತು. ವಿಹಾರದ ಹಿರಿಯ ಭಿಕ್ಖು ಇವರ ಒಡಹುಟ್ಟಿದ ತಮ್ಮ. ಎತ್ತಿ ಆಡಿಸಿದ ಕೂಸಿಗೆ ಈಗ ಜನರೆದುರು 'ಭಂತೆ' ಎಂದು ಕೈಮುಗಿಯುತ್ತಾರೆ.

ಕಳೆದ ವಾರ ಈ ಅತ್ತಿಮರ ಬರಿಮೈಯಲ್ಲಿ ನಿಂತಿತ್ತು. ರಸ್ತೆ ಅಗಲವಾಗಬೇಕಾದರೆ ಇದು ಉರುಳಲೇಬೇಕು. ಅಕ್ಕ ಗುತ್ತಿಗೆದಾರನನ್ನು ಹಿಡಿದು ತರಾಟೆಗೆ ತೆಗೆದುಕೊಂಡರು. ಅವನು ನಾನಲ್ಲ ಎಂದು ಆಣೆ ಹಾಕಿದ. ಕೊನೆಗೆ ಬಟ್ಟೆ ಸಿಕ್ಕಿದ್ದು ತಮ್ಮನ ಕೋಣೆಯಲ್ಲಿ, ಅಚ್ಚುಕಟ್ಟಾಗಿ ಮಡಿಸಿಟ್ಟಿತ್ತು.

"ಹೊರಗಿನೋರನ್ನ ಅನುಮಾನಿಸೋದು ಸುಲಭ ಕಣ್ರೀ, ಮನೆಯೋರನ್ನ ಅನುಮಾನಿಸೋದೇ ಕಷ್ಟ."

ಬೇರೆ ಕಡೆ ಸಾವಿರ ಸಸಿ ನೆಡುತ್ತೇವೆಂದು ರಸ್ತೆಯವರು ಮಾತು ಕೊಟ್ಟಿದ್ದರಂತೆ. ಅದನ್ನು ನಂಬಿ ಬಟ್ಟೆ ಬಿಚ್ಚಿದ ಭಂತೆ, "ಎಲ್ಲವೂ ಅನಿತ್ಯ, ಅಕ್ಕ" ಎಂದರಂತೆ.

"ನಾನು ಬಿಡ್ತೀನಾ? 'ಮರ ಮಾತ್ರ ಅನಿತ್ಯನಾ, ರಸ್ತೆ ಶಾಶ್ವತನಾ? ಈ ಉರಿಬಿಸಿಲಲ್ಲಿ ನೀನು ಧ್ಯಾನಕ್ಕೆ ಕೂರೋ ನೆರಳನ್ನ ಯಾವ ಸಸಿ ಕೊಡುತ್ತೋ?' ಅಂದೆ. ಸಿಟ್ಟಲ್ಲಿ ಏಕವಚನವೇ ಬಂದ್ಬಿಡ್ತು."

ಮರುದಿನ ಭಂತೆ ತಾವೇ ಬಂದು ಮರಕ್ಕೆ ಬಟ್ಟೆ ಸುತ್ತಿದರು.

"ಸುತ್ತಿದ್ದಾರೆ, ನಿಜ. ಆದ್ರೆ ರಸ್ತೆಯೋರಿಗೆ ಆಗಲ್ಲ ಅಂತ ಇನ್ನೂ ಬಾಯಿಬಿಟ್ಟು ಹೇಳಿಲ್ಲ." ಅಕ್ಕನಿಗೆ ರಾತ್ರಿ ಸರಿಯಾಗಿ ನಿದ್ದೆಯಿಲ್ಲ.

ಒಂದು ಫೋಟೋಗೆ ನಿಲ್ಲಿ ಎಂದರೆ ಮುಖ ತಿರುಗಿಸಿ ಪಕ್ಕಕ್ಕೆ ಸರಿಯುತ್ತಾರೆ. "ನಂದ್ಯಾಕೆ? ಮರದ್ದು ಹಾಕಿ, ದೊಡ್ಡದಾಗಿ ಹಾಕಿ. ಕಾವಿ ಚೆನ್ನಾಗಿ ಕಾಣಬೇಕು. ಊರೆಲ್ಲ ನೋಡಿದ್ಮೇಲೆ ಅದನ್ನ ಬಿಚ್ಚೋಕೆ ಯಾರಿಗೂ ಕೈ ಬರಬಾರದು. ನನ್ನ ತಮ್ಮನಿಗೂ."