ಬಟ್ಟೆಯಲ್ಲಿ ಸುತ್ತಿಕೊಟ್ಟ ಮ್ಯಾಗ್ನೆಟೋ

ಮೇಸ್ತ್ರಿಯ ಎಡಗೈ ತೋರುಬೆರಳಿನ ತುದಿಯಲ್ಲಿ ಕಡಲೆಬೇಳೆಯಷ್ಟು ಅಗಲದ ಬಿಳಿ ಕಲೆಯಿತ್ತು. ಉಳಿದ ಕೈಯೆಲ್ಲ ಎಣ್ಣೆ, ಮಸಿ ಕುಡಿದು ಕಪ್ಪಾಗಿದ್ದರೂ ಅದೊಂದು ಜಾಗ ಮಾತ್ರ ಸುಣ್ಣ ಹಚ್ಚಿದ ಹಾಗೆ ಕಾಣುತ್ತಿತ್ತು. ಮೋಟಾರ್ ಸೈಕಲ್ಲಿನ ಪ್ಲಗ್ಗಿನಿಂದ ತಂತಿ ಬಿಚ್ಚಿ, ಆ ಬೆರಳನ್ನು ತಂತಿಯ ತುದಿಗೆ ಹಿಡಿದು, ಕಾಲಿನಿಂದ ಕಿಕ್ಕರ್ ಒದೆಯುತ್ತಿದ್ದರು. ಕಿಡಿ ಹಾರಿದರೆ ಭುಜದವರೆಗೂ ತೋಳು ಅದುರುತ್ತಿತ್ತು. ಆಗ ಗಡ್ಡ ಸವರಿಕೊಂಡು, "ಜೀವ ಅದೆ" ಅನ್ನುವರು. ನಾನು ಅವರ ಆ ಬೆರಳನ್ನು ಡಾಕ್ಟರರ ಸ್ಟೆತಾಸ್ಕೋಪಿಗಿಂತ ಹೆಚ್ಚಾಗಿ ನಂಬಿದ್ದೆ.

ಮದ್ದೂರಿನ ರೈಲ್ವೆ ಗೇಟಿನಿಂದ ಕೂಗಳತೆ ದೂರದಲ್ಲಿ ಅವರ ತಗಡಿನ ಶೆಡ್ಡು. ಹಿಂದೆಯೇ ಮನೆ. ಹೆಂಡತಿ ತೀರಿಕೊಂಡಿದ್ದರು. ಒಬ್ಬಳೇ ಮಗಳನ್ನು ಕಿರುಗಾವಲಿಗೆ ಕೊಟ್ಟಿದ್ದರು. ನಾನು ಆಗ ಮಂಡ್ಯದಲ್ಲಿ ಮಲೇರಿಯಾ ಇನ್ಸ್‌ಪೆಕ್ಟರ್. ಕಾಲುವೆ ನೀರು ಬಂದ ಮೇಲೆ ಗದ್ದೆಗೆ ಭತ್ತವೂ ಬಂತು, ಮನೆಗೆ ಚಳಿಜ್ವರವೂ ಬಂತು. ಕ್ವಿನೈನ್ ಮಾತ್ರೆ ಹೊತ್ತು ಊರೂರು ತಿರುಗುವ ನನಗೆ, ವಯಸ್ಸಿನಲ್ಲಿ ನನಗಿಂತ ನಾಲ್ಕೇ ವರ್ಷ ಚಿಕ್ಕದಾದ ಒಂದು ಹಳೇ ಮೋಟಾರ್ ಸೈಕಲ್ಲಿತ್ತು. ಅದರ ಸದ್ದು ಎರಡು ಮೈಲಿಗೆ ಕೇಳುತ್ತಿತ್ತು. ಬೆಳಕವಾಡಿಯಲ್ಲಿದ್ದ ನನ್ನ ಅವ್ವ ಆ ಸದ್ದು ಕೇಳಿದ ಮೇಲೆಯೇ ಒಲೆಯ ಮೇಲೆ ಎಸರಿಡುತ್ತಿದ್ದಳು.

ಗಾಡಿಗೆ ಬ್ಯಾಟರಿ ಇರಲಿಲ್ಲ. ಇಂಜಿನ್ ತಿರುಗಿದಂತೆ ತಾನೇ ಕರೆಂಟು ಹುಟ್ಟಿಸಿ ಪ್ಲಗ್ಗಿಗೆ ಕಿಡಿ ಕೊಡುವ, ತೆಂಗಿನಕಾಯಿ ಗಾತ್ರದ ಮ್ಯಾಗ್ನೆಟೋ ಇತ್ತು. ಒಮ್ಮೆ ಅದರ ಮುಚ್ಚಳ ಸೀಳು ಬಿಟ್ಟಾಗ ಮೇಸ್ತ್ರಿ ನನ್ನ ಕಣ್ಣೆದುರೇ ತಾಮ್ರದ ತಂತಿಯನ್ನು ಏಳು ಸುತ್ತು ಬಿಗಿದು, ಬಟ್ಟೆಗೆ ಸಿಕ್ಕಿಕೊಳ್ಳದಂತೆ ತುದಿಯನ್ನು ಒಳಕ್ಕೆ ಮಡಿಸಿದ್ದರು.

ಅವರದೊಂದು ಕಟ್ಟುನಿಟ್ಟು ಇತ್ತು. ಯಾವ ಗಾಡಿಯಿಂದ ಯಾವ ಸಾಮಾನು ತೆಗೆದರೂ, ಅದು ಎಷ್ಟೇ ಕೆಟ್ಟಿರಲಿ, ಹಳೇ ಲುಂಗಿಯ ಬಟ್ಟೆಯಲ್ಲಿ ಸುತ್ತಿ, ಹೊಲಿದು, ಗಾಡಿಯವರ ಕೈಗೇ ಕೊಡುವರು. "ತೆಗ್ದಿದ್ದೂ ನಿಮ್ದು, ಆಕಿದ್ದೂ ನಿಮ್ದು. ನಂದು ಬರೀ ಕೈ" ಅನ್ನುವರು. ಆ ಗಂಟನ್ನು ಯಾರೂ ಬಿಚ್ಚಿ ನೋಡುತ್ತಿರಲಿಲ್ಲ. ಬಿಚ್ಚಿದರೆ ಮೇಸ್ತ್ರಿಗೆ ಅವಮಾನ ಮಾಡಿದ ಹಾಗೆ ಅಂತ ಬಸ್ಸಿನ ಡ್ರೈವರುಗಳೂ ಹೇಳುತ್ತಿದ್ದರು. ಪಕ್ಕದ ಕಮ್ಮಾರನಿಗೆ ಗುಲಗಂಜಿಯಷ್ಟು ಕಬ್ಬಿಣ ಸಿಕ್ಕರೂ ಉಳಿಸಿಕೊಳ್ಳುವ ಆಸೆ. ಈ ಮನುಷ್ಯ ಮುರಿದ ಮೊಳೆಯನ್ನೂ ಹೊಲಿದು ಕೊಡುತ್ತಿದ್ದರು. ನಂಬದೆ ಏನು ಮಾಡಲಿ?

ಎರಡನೇ ಮಹಾಯುದ್ಧದ ನಡುವಿನ ಒಂದು ಮಳೆಗಾಲದಲ್ಲಿ ಹಳ್ಳ ದಾಟುವಾಗ ನೀರು ನುಗ್ಗಿ ಗಾಡಿ ನಿಂತಿತು. ಎತ್ತಿನ ಗಾಡಿಗೆ ಹಗ್ಗ ಕಟ್ಟಿ ಎಳೆಸಿಕೊಂಡು ಶೆಡ್ಡಿಗೆ ಬಂದೆ. ಎರಡು ದಿನ ಬಿಟ್ಟು ಬನ್ನಿ ಅಂದರು. ಹೋದಾಗ ಅವರು ನನ್ನ ಮುಖ ನೋಡದೆ ಹೇಳಿದರು:

"ಮ್ಯಾಗ್ನೆಟೋ ಸತ್ತೋಗ್ಯದೆ ಸ್ವಾಮಿ. ಇನ್ನೊಂದ್ ತರ್ಸಾನ ಅಂದ್ರೆ ಯುದ್ಧ, ಸೀಮೆಯಿಂದ ಅಡಗೇ ಬರಾಕಿಲ್ಲ. ಬ್ಯಾಟ್ರಿ, ಕಾಯಿಲು ಆಕ್‌ಬುಡ್ತೀನಿ."

ಆಗಲಿ ಎಂದೆ. ಬ್ಯಾಟರಿಯ ಕರೆಂಟನ್ನು ಕಿಡಿಯಾಗಿಸುವ ಕಾಯಿಲನ್ನು ಕೆಟ್ಟುಬಿದ್ದ ಒಂದು ಕಾರಿನಿಂದ ತೆಗೆದು ಪೆಟ್ರೋಲ್ ಟ್ಯಾಂಕಿನ ಕೆಳಗೆ ಕೂರಿಸಿದರು. ಪಕ್ಕದಲ್ಲಿ ಬ್ಯಾಟರಿಗೆ ಮರದ ಪೆಟ್ಟಿಗೆ ಮಾಡಿದರು. ಕಿಡಿ ಹೊತ್ತಿಗೆ ಸರಿಯಾಗಿ ಹಾರಬೇಕಲ್ಲ, ಅದಕ್ಕೆ ಕರೆಂಟನ್ನು ಕಡಿದು ಕೂಡಿಸುವ ಎರಡು ಪಾಯಿಂಟುಗಳ ನಡುವೆ ಸಿಗರೇಟಿನ ಕಾಗದ ಸಿಕ್ಕಿಸಿ, ಇಂಜಿನ್ನನ್ನು ಕೂದಲೆಳೆಯಷ್ಟು ತಿರುಗಿಸುತ್ತ, ಕಾಗದ ಸಡಿಲವಾಗುವ ಗಳಿಗೆಗೆ ಉಸಿರು ಬಿಗಿಹಿಡಿದು ಕಾದರು. ನೋಡುವುದಕ್ಕೆ ನಮಾಜಿನಂಥ ಕೆಲಸ. ಕೊನೆಗೆ ಸತ್ತ ಮ್ಯಾಗ್ನೆಟೋವನ್ನು ಬಟ್ಟೆಯಲ್ಲಿ ಹೊಲಿದು ಕೊಟ್ಟರು. ನಾನು ಅದನ್ನು ಮನೆಯ ಅಟ್ಟಕ್ಕೆ ಎಸೆದೆ.

ಬ್ಯಾಟರಿಯನ್ನು ಹತ್ತು ದಿನಕ್ಕೊಮ್ಮೆ ಮಂಡ್ಯದಲ್ಲಿ ಚಾರ್ಜು ಮಾಡಿಸಬೇಕಿತ್ತು. ಮರೆತರೆ ನಡುದಾರಿಯಲ್ಲಿ ಕೈಕೊಡುತ್ತಿತ್ತು. ಹಾಗೆ ಒಂದು ಸಲ ಮರೆತೆ. ಅವ್ವನಿಗೆ ಕಾಯಿಲೆ ಜೋರಾಗಿದೆ, ತಕ್ಷಣ ಬಾ ಅಂತ ಅಣ್ಣ ಹೇಳಿಕಳಿಸಿದ್ದು ಅವತ್ತೇ. ಬೆಳಿಗ್ಗೆ ಹೊರಟವನಿಗೆ ಮಳವಳ್ಳಿ ದಾಟುತ್ತಿದ್ದಂತೆ ಇಂಜಿನ್ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಬಸ್ಸಿಲ್ಲ. ಬಿಸಿಲಲ್ಲಿ ಅದನ್ನು ತಳ್ಳಿದೆ. ಆಗದಿದ್ದಾಗ ಒಂದು ಹೊಲದ ಬದುವಿಗೆ ಒರಗಿಸಿ ಓಡಿದೆ. ಹೋಗುವ ಹೊತ್ತಿಗೆ ಉಸಿರು ನಿಂತ ಅವ್ವನನ್ನು ಜಗಲಿಯ ಮೇಲೆ ಕೂರಿಸಿದ್ದರು. ಬಾಯಿಗೆ ನೀರು ಬಿಟ್ಟವನು ಅಣ್ಣ.

"ನಿನ್ ಗಾಡಿ ಸದ್ದು ಕೇಳುಸ್ತಾ, ಕೇಳುಸ್ತಾ ಅಂತ ಕೇಳ್ತಾನೇ ಇದ್ಲು ಕಣ್ಲಾ" ಅಂದ ಅವನು.

ತಿಥಿ ಮುಗಿಸಿ ಬರುವಾಗ ಶೆಡ್ಡಿನಲ್ಲಿ ಇಳಿದೆ. ಚಾರ್ಜು ಮಾಡಿಸದೆ ಹೋದ ಪಾಪಿ ನಾನೇ ಅಂತ ಮೇಸ್ತ್ರಿಯ ಮುಂದೆ ಅತ್ತುಬಿಟ್ಟೆ. ಅಣ್ಣನ ಮುಂದೆ ಬಾರದ ಅಳು ಅಲ್ಲಿ ಬಂತು. ಅವರು ಟೀ ತರಿಸಿ ಕೊಟ್ಟರು. ಒಂದು ಪ್ಲಗ್ಗನ್ನು ಒರೆಸುತ್ತ, "ಬ್ಯಾಟ್ರಿ ಅನ್ನೋದು ನಂಬೋ ವಸ್ತು ಅಲ್ಲ ಬುಡಿ ಸ್ವಾಮಿ" ಅಂದರು. ಅಷ್ಟೇ ಅಂದರು.

ಅದಾಗಿ ಐದಾರು ತಿಂಗಳಿಗೆ ಸೊಳ್ಳೆಮರಿ ಹುಡುಕಿಕೊಂಡು ಕಿರುಗಾವಲಿನ ಒಂದು ಅಕ್ಕಿ ಮಿಲ್ಲಿಗೆ ಹೋದೆ. ಇಂಜಿನ್ ತಣ್ಣಗಾಗಿಸುವ ನೀರಿನ ತೊಟ್ಟಿಗೆ ಬಗ್ಗಿದವನು ತಲೆಯೆತ್ತಿದೆ. ಇಂಜಿನ್ನಿನ ಪಕ್ಕದಲ್ಲಿ ನನ್ನ ಮ್ಯಾಗ್ನೆಟೋ ತಿರುಗುತ್ತಿತ್ತು. ಏಳು ಸುತ್ತು ತಾಮ್ರದ ತಂತಿ, ಒಳಕ್ಕೆ ಮಡಿಸಿದ ತುದಿ. ಮಿಲ್ಲಿನ ಸಾಹುಕಾರರು ಹೆಮ್ಮೆಯಿಂದ ಹೇಳಿದರು: ಮೊದಲಿದ್ದದ್ದು ಸುಟ್ಟುಹೋಗಿ ಇಂಜಿನ್ ಮೂರು ತಿಂಗಳು ನಿಂತಿತ್ತು, ನಮ್ಮ ಬೀಗರು, ಮದ್ದೂರಿನ ಮೇಸ್ತ್ರಿ, ಬೇರೆ ತಂದು ಹಾಕಿಕೊಟ್ಟರು.

ಮನೆಗೆ ಬಂದು ಅಟ್ಟದಿಂದ ಗಂಟು ಇಳಿಸಿ ಬಿಚ್ಚಿದೆ. ಒಳಗೆ ಕರಕಲಾದ, ಯಾವುದೋ ಬೇರೆ ಮ್ಯಾಗ್ನೆಟೋ. ಹೊಲಿಗೆ ಮಾತ್ರ ಎಂದಿನಂತೆ ನೀಟಾಗಿತ್ತು. ನನಗೆ ಹೊಟ್ಟೆ ಉರಿದದ್ದು ಆ ಹೊಲಿಗೆ ನೋಡಿ.

ಅದೇ ಗಂಟನ್ನು ಒಯ್ದು ಅವರ ಮುಂದೆ ಇಟ್ಟೆ. ಅವರು ಇಲ್ಲ ಅನ್ನಲಿಲ್ಲ. ನೀರು ಆರಿದ ಮೇಲೆ ನನ್ನ ಮ್ಯಾಗ್ನೆಟೋ ಚೆನ್ನಾಗಿಯೇ ಕಿಡಿ ಕೊಟ್ಟಿತ್ತಂತೆ. ಮಿಲ್ಲಿನ ಇಂಜಿನ್ ರಿಪೇರಿ ಮಾಡಿದ್ದವರು ಇವರೇ ಆದ್ದರಿಂದ ಅದು ಕೆಟ್ಟುಹೋದ ತಪ್ಪೂ ಇವರ ತಲೆಗೆ ಬಂದಿತ್ತು. ಇಂಜಿನ್ ತಿರುಗಿದ ದಿನ ಬಾ ಅಂತ ಬೀಗರು ಮಗಳನ್ನು ತವರಿಗೆ ಅಟ್ಟಿದ್ದರು.

ಕೇಳಿದ್ದರೆ ನಾನೇ ಕೊಡುತ್ತಿರಲಿಲ್ಲವೇ ಎಂದೆ.

"ನೀವು ಇಲ್ಲ ಅಂದಿದ್ರೆ ಇನ್ನೆಲ್ಲಿಗೆ ಓಗ್ಲಿ ಸ್ವಾಮಿ? ನಿಮ್ ಬಾಯಲ್ಲಿ ಇಲ್ಲ ಅನ್ನುಸ್ಕೊಳೋ ಧೈರ್ಯ ಬರ್ನಿಲ್ಲ."

ಹಾಗಾದರೆ ನಾನು ಅವ್ವನ ವಿಷಯ ಹೇಳಿ ಅತ್ತಾಗ ಯಾಕೆ ಸುಮ್ಮನಿದ್ದಿರಿ ಎಂದೆ. ಅವರು ಬಿಚ್ಚಿದ ಬಟ್ಟೆಯನ್ನು ಮಡಿಸತೊಡಗಿದರು. ನಂಬಿಸಿ ಕುತ್ತಿಗೆ ಕೊಯ್ದಿರಿ ಎಂದೆ. ಒಂದು ವಾರದಲ್ಲಿ ನನ್ನದು ನನಗೆ ಬರಬೇಕು ಎಂದೂ ಹೇಳಿದೆ. ಮಗಳ ಗತಿ ಏನು ಅಂತ ಕೇಳುವಷ್ಟು ತಾಳ್ಮೆ ನನಗೆ ಇರಲಿಲ್ಲ. ಇರಬೇಕಿತ್ತೆಂದು ಅವತ್ತು ಅನ್ನಿಸಲೂ ಇಲ್ಲ.

ನಾಲ್ಕೇ ದಿನಕ್ಕೆ ಮ್ಯಾಗ್ನೆಟೋ ತಂದು ಕೂರಿಸಿದರು. ಅದೇ ಸಿಗರೇಟಿನ ಕಾಗದ, ಅದೇ ಬಿಗಿಹಿಡಿದ ಉಸಿರು. ನಾನು ಬೆನ್ನು ತಿರುಗಿಸಿ ರೈಲು ನೋಡುತ್ತ ನಿಂತಿದ್ದೆ. ತೆಗೆದ ಕಾಯಿಲನ್ನು ಬಟ್ಟೆಯಲ್ಲಿ ಹೊಲಿದು ಎರಡೂ ಕೈಯಲ್ಲಿ ಮುಂದೆ ಹಿಡಿದರು.

"ಬಿಚ್ಚಿ ನೋಡ್ಬುಡಿ ಸ್ವಾಮಿ" ಅಂದರು.

ಅಷ್ಟು ವರ್ಷದಲ್ಲಿ ಅವರ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. ನಾನು ಅವರೆದುರೇ ಹೊಲಿಗೆ ಕಿತ್ತು ನೋಡಿದೆ. ಒಳಗೆ ಅದೇ ಕಾಯಿಲು ಇತ್ತು. ಆಮೇಲೆ ಆ ಶೆಡ್ಡಿನ ಮುಂದೆ ಎಷ್ಟೋ ಸಲ ಹಾದುಹೋದೆ, ನಿಲ್ಲಿಸಲಿಲ್ಲ. ನಿಲ್ಲಿಸುವ ಅಗತ್ಯವನ್ನೂ ಗಾಡಿ ಕೊಡಲಿಲ್ಲ. ಅವರು ಕೂರಿಸಿದ ಮ್ಯಾಗ್ನೆಟೋ ಮತ್ತೆಂದೂ ಕೆಡಲಿಲ್ಲ.

ಸ್ವಾತಂತ್ರ್ಯ ಬಂದ ವರ್ಷ ಮೇಸ್ತ್ರಿ ತೀರಿಕೊಂಡ ಸುದ್ದಿ ಒಂದು ತಿಂಗಳು ತಡವಾಗಿ ಗೊತ್ತಾಯಿತು. ಹೋಗಬಾರದು ಅಂದುಕೊಂಡೇ ಹೋದೆ. ಶೆಡ್ಡಿಗೆ ಬೀಗ. ಹಿಂದಿನ ಮನೆಯ ಬಾಗಿಲಲ್ಲಿ ಒಬ್ಬ ಹೆಂಗಸು ಬೀಡಿ ಕಟ್ಟುತ್ತಿದ್ದಳು. ಮಗಳು. ಕಿರುಗಾವಲಿನಿಂದ ಯಾವಾಗ ಬಂದೆಯಮ್ಮ ಎಂದೆ. ಮಿಲ್ಲು ಎರಡನೇ ಸಲ ನಿಂತಾಗ ಕಳಿಸಿದವರು ಮತ್ತೆ ಕರೆಯಲಿಲ್ಲ ಎಂದು, ತಲೆಯೆತ್ತದೆ, ಮೊರದ ಎಲೆ ಸರಿಮಾಡುತ್ತ ಹೇಳಿದಳು. ನಾನು ಯಾರೆಂದು ಅವಳಿಗೆ ಗೊತ್ತಿತ್ತು.

"ನಿಮ್ ಗಾಡಿ ಸದ್ದು ಬಂದ್ರೆ ನಮ್ ಅಬ್ಬಾ ಕೆಲ್ಸ ನಿಲ್ಸ್‌ಬುಡ್ತಿದ್ರು ಸ್ವಾಮಿ. ಚೆನ್ನಾಗ್ ಓಡ್ತದೆ ಅಂತಿದ್ರು."

ಮೇಸ್ತ್ರಿ ನನಗೆ ಮಾಡಿದ್ದು ದ್ರೋಹವೇ. ಅವ್ವನ ಕೊನೆಯ ಹೊತ್ತನ್ನು ಅವರು ಕದ್ದರು, ಅದನ್ನು ನಾನು ಮನ್ನಿಸಿಲ್ಲ. ಆದರೆ ಅವತ್ತು ಆ ಬಾಗಿಲ ಮುಂದೆ ಕಿಕ್ಕರಿನ ಮೇಲೆ ಕಾಲಿಟ್ಟವನಿಗೆ ಒದೆಯಲು ಆಗಲಿಲ್ಲ. ಒಂದೇ ಒದೆತಕ್ಕೆ ಹೊತ್ತಿಕೊಳ್ಳುತ್ತದೆಂದು ನನಗೆ ಗೊತ್ತಿತ್ತು. ಕಾಲು ಇಳಿಸಿ, ಸದ್ದು ಮಾಡದೆ, ರೈಲ್ವೆ ಗೇಟು ದಾಟುವವರೆಗೂ ಗಾಡಿಯನ್ನು ತಳ್ಳಿಕೊಂಡೇ ಹೋದೆ.